ಹುಲ್ಲು ಒಣಗಿದ ವರ್ಷ, ಎಕರೆ ಲೆಕ್ಕ ಕಲಿತ ವರ್ಷ

2022ರ ಬೇಸಿಗೆಯಲ್ಲಿ ಮಧ್ಯ ಟೆಕ್ಸಸ್‌ನ ನಮ್ಮ ಹುಲ್ಲುಗಾವಲು ಕಾಲಿಟ್ಟರೆ ಪುಡಿಯಾಗುವಷ್ಟು ಒಣಗಿತ್ತು. ಅರವತ್ತು ಆಡುಗಳು ಬೇಲಿ ಬುಡದ ಮುಳ್ಳನ್ನೂ ಬಿಡದೆ ತಿಂದು ಮುಗಿಸಿದ್ದವು. ಒಣಹುಲ್ಲು ಕೊಂಡು ತಂದು ಹಾಕಲು ಶುರು ಮಾಡಿದ ವಾರವೇ ಪಕ್ಕದ ರೈತರು ಎಲ್‌ಎಫ್‌ಪಿ ಎಂಬ, ಬರದಲ್ಲಿ ಮೇವು ಕಳೆದುಕೊಂಡವರಿಗೆ ಸರ್ಕಾರ ಕೊಡುವ ಪರಿಹಾರದ ವಿಷಯ ಹೇಳಿದರು.

ಲೈವ್‌ಸ್ಟಾಕ್ ಫೋರೇಜ್ ಡಿಸಾಸ್ಟರ್ ಪ್ರೋಗ್ರಾಂ ಅಂತ ಪೂರ್ತಿ ಹೆಸರು. ಅಮೆರಿಕದ ಕೃಷಿ ಇಲಾಖೆಯ ಫಾರ್ಮ್ ಸರ್ವೀಸ್ ಏಜೆನ್ಸಿ ನಡೆಸುವ ಈ ಯೋಜನೆಯನ್ನು 2014ರ ಫಾರ್ಮ್ ಬಿಲ್ ಎಂಬ ಕೃಷಿ ಕಾನೂನು ಕಾಯಂ ಮಾಡಿತು. ಇದು ವಿಮೆಯಲ್ಲ, ಕಂತು ಕಟ್ಟುವ ಹಾಗಿಲ್ಲ. ಬರ ಬಂದಿದೆಯೋ ಇಲ್ಲವೋ ಎಂದು ನಮ್ಮ ಹೊಲಕ್ಕೆ ಬಂದು ಯಾರೂ ನೋಡುವುದೂ ಇಲ್ಲ. ಪ್ರತಿ ಗುರುವಾರ ಹೊರಬರುವ ಡ್ರಾಟ್ ಮಾನಿಟರ್ ಎಂಬ ಬರದ ನಕ್ಷೆಯಲ್ಲಿ ನಮ್ಮ ಕೌಂಟಿಗೆ (ಜಿಲ್ಲೆಯಂಥ ಆಡಳಿತ ವಿಭಾಗ) ಯಾವ ಬಣ್ಣ ಎಂಬುದೇ ಆಧಾರ. ಅದರಲ್ಲಿ ಡಿ2 ಎಂದರೆ ತೀವ್ರ ಬರ, ಡಿ3 ಅದಕ್ಕಿಂತ ಜೋರು, ಡಿ4 ಎಲ್ಲಕ್ಕಿಂತ ಭೀಕರ. ಆಗಿನ ನಿಯಮದಂತೆ ಮೇಯಿಸುವ ಕಾಲದಲ್ಲಿ ಡಿ2 ಎಂಟು ವಾರ ಬಿಡದೆ ಇದ್ದರೆ ಒಂದು ತಿಂಗಳ ಮೇವಿನ ಲೆಕ್ಕದ ಹಣ, ಡಿ3 ಯಾವಾಗಲಾದರೂ ಬಂದರೆ ಮೂರು ತಿಂಗಳದು, ಡಿ4 ನಾಲ್ಕು ವಾರ ಇದ್ದರೆ ಐದು. (2025ರಲ್ಲಿ ಕಾನೂನು ಬದಲಾಗಿ, ಈಗ ಡಿ2 ನಾಲ್ಕು ವಾರ ಇದ್ದರೂ ಒಂದು ತಿಂಗಳದು ಸಿಗುತ್ತದೆ.) ನಮ್ಮ ಕೌಂಟಿಗೆ ಐದು ತಿಂಗಳು ಸಿಕ್ಕಿತು.

ಆಡು ಎಷ್ಟಿದ್ದರೆ ಅಷ್ಟಕ್ಕೆ ಹಣ ಎಂದುಕೊಂಡಿದ್ದೆ. ಹಾಗಲ್ಲ. ನಾಲ್ಕು ಆಡಿಗೆ ಒಂದು ಹಸು ಎಂದು ಹಿಡಿದರೆ ನನ್ನದು ಹದಿನೈದು ಹಸುವಿನ ಮೇವು. ಇನ್ನೊಂದು ಕಡೆಯಿಂದ, ನಮ್ಮ ಹುಲ್ಲುಗಾವಲು ಸಾಮಾನ್ಯ ವರ್ಷದಲ್ಲಿ ಎಷ್ಟು ಹಸುವನ್ನು ಸಾಕಬಲ್ಲದು ಎಂಬ ಲೆಕ್ಕ. ಎರಡರಲ್ಲಿ ಯಾವುದು ಕಡಿಮೆಯೋ ಅದರ ಶೇ. 60 ಮಾತ್ರ ಕೊಡುತ್ತಾರೆ. ನನ್ನ ವಿಷಯದಲ್ಲಿ ನೆಲದ ಲೆಕ್ಕವೇ ಕಡಿಮೆ ಬಂತು. ಅಲ್ಲಿಂದಾಚೆ ನನಗೆ ಒಂದೊಂದು ಎಕರೆಯೂ ಮುಖ್ಯವಾಯಿತು.

ಪೆಟ್ಟು ಬಿದ್ದದ್ದು ಅಲ್ಲೇ. ಎಪ್ಪತ್ತು ಎಕರೆ ನನ್ನದು, ಐವತ್ತು ಗುತ್ತಿಗೆಯದು. ಗುತ್ತಿಗೆ ಬಾಯಿಮಾತಿನದು, ತೋರಿಸಲು ಕಾಗದವಿರಲಿಲ್ಲ. ನೆಲದ ಯಜಮಾನರ ಮನೆಗೆ ಹೋಗಿ, ಎಕರೆಗೆ ಇಷ್ಟೆಂದು ನಗದು ಕೊಡುವ ಗುತ್ತಿಗೆ, ಹುಲ್ಲು ಹೋದರೆ ನಷ್ಟ ನನ್ನದೇ ಎಂದು ಬರೆಸಿ ಸಹಿ ಹಾಕಿಸಿಕೊಂಡು ಬಂದೆ. ಆಡುಗಳು ಎಷ್ಟು ತೂಕ ಏರಿದವೋ ಅದರ ಮೇಲೆ ಬಾಡಿಗೆ ನಿಗದಿಯಾಗಿದ್ದರೆ ಆ ಐವತ್ತು ಎಕರೆ ಪೂರ್ತಿ ಹೋಗುತ್ತಿತ್ತು. ನನ್ನದೇ ನೆಲದಲ್ಲೂ ಹನ್ನೆರಡು ಎಕರೆ ಕೈಬಿಟ್ಟಿತು. ಯಾವ ನೆಲ ಯಾವುದಕ್ಕೆ ಎಂದು ಏಜೆನ್ಸಿಗೆ ಎಕರೆ ವರದಿ ಕೊಡುವಾಗ ಆ ತುಂಡಿಗೆ ಒಣಹುಲ್ಲು ಕೊಯ್ಯಲು ಎಂದು ಬರೆಸಿದ್ದೆ. ನಿಜವಾಗಿ ಆ ವರ್ಷ ಅಲ್ಲಿ ಆಡುಗಳೇ ಮೇಯ್ದಿದ್ದವು, ಆದರೆ ಕಾಗದದಲ್ಲಿ ಇದ್ದದ್ದು ಬೇರೆ. ಈ ಯೋಜನೆ ಮೇಯಿಸುವ ನೆಲಕ್ಕಷ್ಟೇ. ಇವತ್ತಿಗೂ ಆ ಹನ್ನೆರಡು ಎಕರೆ ನೆನೆದರೆ ಹೊಟ್ಟೆ ಉರಿಯುತ್ತದೆ.

ಬರ ಶುರುವಾಗುವ ಮೊದಲು ಅರವತ್ತು ದಿನದಿಂದ ಆಡುಗಳು ನನ್ನವೇ ಆಗಿರಬೇಕಿತ್ತು. ಸಂತೆಯ ರಸೀತಿ, ಪಶುವೈದ್ಯರ ಬಿಲ್ಲು, ಮರಿ ಹಾಕಿದ ದಿನ ಬರೆದಿಟ್ಟ ನೋಟ್‌ಬುಕ್ ಒಯ್ದೆ. ಅರ್ಜಿ ಹಾಕಲು ಕೊನೆಯ ದಿನ 2023ರ ಜನವರಿ 30 ಆಗಿತ್ತು. ನಾನು ಅಕ್ಟೋಬರ್‌ನಲ್ಲೇ ಹೋಗಿದ್ದರಿಂದ ಗುತ್ತಿಗೆ ಕಾಗದ ಮಾಡಿಸಲು ಸಮಯ ಸಿಕ್ಕಿತು.

ಬಂದ ಹಣ ಆ ಚಳಿಗಾಲದ ಒಣಹುಲ್ಲಿನ ಸಾಲದ ಅರ್ಧಕ್ಕೆ ಆಯಿತು. ಹಿಂಡಿನಿಂದ ಮಾರಬೇಕೆಂದು ಬೇರೆ ಕಟ್ಟಿದ್ದ ಹತ್ತು ಹೆಣ್ಣಾಡುಗಳನ್ನು ಮತ್ತೆ ಒಳಗೆ ಬಿಟ್ಟೆ.