ಬನಿಯನ್ ಇರುವವರಿಗೆ ಪಾದದ ಪ್ರಶ್ನಾವಳಿ: ಕನ್ನಡಕ್ಕೆ ತರುವುದು ಹೇಗೆ?

ಕಾಲಿನ ಹೆಬ್ಬೆರಳ ಬುಡ ಗಂಟಾಗಿ ಬೆರಳು ಪಕ್ಕಕ್ಕೆ ವಾಲುತ್ತದಲ್ವಾ, ಅದೇ ಬನಿಯನ್. ಅದರ ತೊಂದರೆ ಅಳೆಯಲು ಇಂಗ್ಲಿಷಿನಲ್ಲಿ 13 ಪ್ರಶ್ನೆಗಳ ಫುಟ್ ಹೆಲ್ತ್ ಸ್ಟೇಟಸ್ ಕ್ವೆಶ್ಚನೇರ್ ಇದೆ. ನೋವು, ಓಡಾಟ, ಪಾದರಕ್ಷೆ, ಪಾದದ ಒಟ್ಟು ಸ್ಥಿತಿ ಕೇಳುತ್ತದೆ.

ಮೊದಲು ಹಕ್ಕುದಾರರ ಅನುಮತಿ ಪಡೆಯಿರಿ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಲಿ, ಒಬ್ಬರು ವೈದ್ಯಕೀಯದ ಹೊರಗಿನವರಾಗಿರಲಿ. ಎರಡನ್ನೂ ಒಂದು ಮಾಡಿ, ಮೂಲ ನೋಡದವರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಮೂಲದ ಜೊತೆ ಹೋಲಿಸಿ.

ಕಷ್ಟ ಇರುವುದು ಶೂ ಪ್ರಶ್ನೆಗಳಲ್ಲಿ. ಮಲ್ಪೆಯಲ್ಲಿ ಮೀನು ಮಾರುವ ಅಕ್ಕನಿಗೆ ಹೊಂದುವ ಶೂ ಸಿಗುತ್ತದಾ ಅಂತ ಕೇಳಿದರೆ ಏನು ಹೇಳಿಯಾರು? ಅವರಿಗೆ ನೋಯುವುದು ಹವಾಯಿ ಚಪ್ಪಲಿಯ ಬಾರು ಗಂಟಿಗೆ ಉಜ್ಜಿದಾಗ, ಅದೂ ಮಳೆಗಾಲದಲ್ಲಿ ಕಾಲು ಇಡೀ ದಿನ ಒದ್ದೆಯಿದ್ದರೆ ಇನ್ನೂ ಜಾಸ್ತಿ. ಹಾಗಾಗಿ 'ಚಪ್ಪಲಿ ಅಥವಾ ಶೂ' ಅಂತ ಬರೆಯಿರಿ. ಪ್ರಶ್ನೆಯ ಉದ್ದೇಶ ಮಾತ್ರ ಕೆಡಬಾರದು.

ಆಮೇಲೆ 30–40 ರೋಗಿಗಳಿಗೆ ಕೊಟ್ಟು ನೋಡಿ. ಸುಮ್ನೆ ಟಿಕ್ ಹಾಕಿಸಬೇಡಿ, ಏನು ಅರ್ಥವಾಯಿತು ಅಂತ ಕೇಳಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಹಿರಿಯರಿಗೆ ಓದಿ ಹೇಳಬೇಕಾಗುತ್ತದೆ, ಎಲ್ಲರಿಗೂ ಒಂದೇ ರೀತಿ ಓದಿ. ಜೊತೆಗೆ ಬಂದ ಮಗಳು ಉತ್ತರ ಹೇಳಿಬಿಡದಂತೆ ನೋಡಿಕೊಳ್ಳಿ, ಇದು ತುಂಬ ಮುಖ್ಯ. ಒಂದೆರಡು ವಾರ ಬಿಟ್ಟು, ನೋವು ಹಾಗೇ ಇರುವವರಿಗೆ ಮತ್ತೆ ಕೊಟ್ಟು ಉತ್ತರ ತಾಳೆಯಾಗುತ್ತದಾ ನೋಡಿ.