ಟರ್ಮಿನಲ್ ಪ್ರೋಗ್ರಾಮನ್ನು ಬ್ರೌಸರ್‌ಗೆ ಕೊಡುವಾಗ ನಾನು ಅನುಸರಿಸುವ ಕ್ರಮ

ಟರ್ಮಿನಲ್ ಪ್ರೋಗ್ರಾಮನ್ನು, ಅಂದರೆ ಅಕ್ಷರಗಳಷ್ಟೇ ಇರುವ ಪರದೆಯಲ್ಲಿ ಕೀಬೋರ್ಡ್‌ನಿಂದ ಬಳಸುವ ಪ್ರೋಗ್ರಾಮನ್ನು, ಬೇರೆಯವರು ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರ್‌ನಲ್ಲೇ ಬಳಸಬೇಕೆಂದರೆ ನಾನು ಟಿಟಿವೈಡಿ ಮತ್ತು ಕ್ಲೌಡ್‌ಫ್ಲೇರ್ ಟನೆಲ್ ಎರಡನ್ನೂ ಜೋಡಿಸುತ್ತೇನೆ. ಟಿಟಿವೈಡಿ ಪ್ರೋಗ್ರಾಮನ್ನು ನಡೆಸಿ, ಅದರ ಪರದೆಯನ್ನು 7681ನೇ ಪೋರ್ಟ್‌ನಲ್ಲಿ (ಯಂತ್ರದ ಸಂಪರ್ಕ ದ್ವಾರದ ಸಂಖ್ಯೆ) ವೆಬ್‌ಸಾಕೆಟ್ ಮೂಲಕ, ಅಂದರೆ ಬ್ರೌಸರ್ ಜೊತೆ ತೆರೆದೇ ಇರುವ ಎರಡು ದಿಕ್ಕಿನ ಸಂಪರ್ಕದ ಮೂಲಕ, ಕೊಡುತ್ತದೆ. ಟನೆಲ್ ಆ ಪೋರ್ಟ್‌ಗೆ ಇಂಟರ್‌ನೆಟ್‌ನಿಂದ ತೆರೆಯಬಹುದಾದ ಎಚ್‌ಟಿಟಿಪಿಎಸ್ ವಿಳಾಸ ಒದಗಿಸುತ್ತದೆ. ಸ್ಥಿರ ಐಪಿ ಇಲ್ಲದ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲೂ ಇದು ನಡೆಯುತ್ತದೆ.

ಟಿಟಿವೈಡಿಗೆ ಇಂಟರ್‌ಫೇಸ್ ಎಂದು ಲೂಪ್‌ಬ್ಯಾಕನ್ನೇ (ಅದೇ ಯಂತ್ರದ ಒಳಗಿನಿಂದ ಮಾತ್ರ ತಲುಪಬಹುದಾದ ನೆಟ್‌ವರ್ಕ್ ದಾರಿ) ಕೊಡಿ. ಇಲ್ಲದಿದ್ದರೆ ಅದೇ ವೈಫೈನಲ್ಲಿರುವವರು ಟನೆಲ್ ದಾಟದೆ ನೇರವಾಗಿ ಒಳಗೆ ಬರಬಹುದು. ಪುಟ ತೆರೆದರೂ ಕೀಲಿ ಒತ್ತಿದ್ದು ತಲುಪದಿದ್ದರೆ ಮೊದಲು ಟಿಟಿವೈಡಿಯ ಆವೃತ್ತಿ ನೋಡಿ: 1.7.4ರಿಂದ ಈಚೆಗೆ ಅದು ಓದಲು ಮಾತ್ರ, ಟೈಪ್ ಮಾಡಲು ದೊಡ್ಡಕ್ಷರದ ಡಬ್ಲ್ಯೂ ಆಯ್ಕೆ ಬೇಕು. ಹಳೆಯದರಲ್ಲಿ ಟೈಪ್ ಮಾಡುವ ಅನುಮತಿ ತಾನಾಗಿಯೇ ಇತ್ತು, ಹಾಗಾಗಿ ಹಳೆಯ ಟಿಟಿವೈಡಿ ಇರುವ ಹಳೆಯ ಲಿನಕ್ಸ್‌ನಲ್ಲಿ ಎಚ್ಚರ ಹೆಚ್ಚು ಬೇಕು.

ಎಲ್ಲಕ್ಕಿಂತ ಮುಖ್ಯ, ಯಾರ ಕೈಗೂ ಶೆಲ್, ಅಂದರೆ ಯಾವ ಕಮಾಂಡನ್ನಾದರೂ ಓಡಿಸುವ ಬ್ಯಾಶ್‌ನಂಥ ಪ್ರೋಗ್ರಾಮ್, ಸಿಗಬಾರದು. ಬ್ಯಾಶ್ ಬದಲು ಪ್ರೋಗ್ರಾಮಿನ ಹೆಸರನ್ನೇ ಕೊಟ್ಟರೂ ಸಾಲದು. ವಿಮ್ ಎಂಬ ಎಡಿಟರ್‌ನಲ್ಲಿ ಕೋಲನ್ ಹಾಕಿ ಆಶ್ಚರ್ಯಸೂಚಕ ಒತ್ತಿದರೆ ಯಾವ ಕಮಾಂಡನ್ನಾದರೂ ಓಡಿಸಬಹುದು. ಕಡತ ಓದಿಸುವ ಲೆಸ್‌ನಲ್ಲಿ ಆಶ್ಚರ್ಯಸೂಚಕವೊಂದೇ ಸಾಕು. ಅದನ್ನು ತಡೆಯಲು ಲೆಸ್‌ಸೆಕ್ಯೂರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಬೇಕು. ನಾನು ಸೂಡೋ (ಅಡ್ಮಿನ್) ಹಕ್ಕಿಲ್ಲದ, ಬೇರೆ ಯಂತ್ರಗಳಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀಗಳಿಲ್ಲದ ಬೇರೆ ಯೂಸರ್ ಖಾತೆಯಲ್ಲಿ ಮಾತ್ರ ಇದನ್ನು ನಡೆಸುತ್ತೇನೆ. ಪ್ರೋಗ್ರಾಮಿನಲ್ಲಿ ನಾನು ಗಮನಿಸದ ಕಿಂಡಿ ಇದ್ದರೂ ಹಾನಿ ಆ ಖಾತೆಯ ಆಚೆಗೆ ಸುಲಭವಾಗಿ ಹರಡುವುದಿಲ್ಲ.

ಪ್ರತಿ ಟ್ಯಾಬ್‌ಗೂ ಹೊಸ ಪ್ರೋಸೆಸ್ ಹುಟ್ಟುತ್ತದೆ. ಸಣ್ಣಕ್ಷರದ ಎಂ ಆಯ್ಕೆಯಿಂದ ಸಂಖ್ಯೆಗೆ ಮಿತಿ ಹಾಕದಿದ್ದರೆ 1 ಜಿಬಿ ರ‍್ಯಾಮಿನ ಯಂತ್ರ ಬೇಗ ಸೋಲುತ್ತದೆ. ಸಂಪರ್ಕ ಕಡಿದರೆ ಟಿಟಿವೈಡಿ ಪ್ರೋಗ್ರಾಮಿಗೆ ಹ್ಯಾಂಗಪ್ ಎಂಬ, ನಿಲ್ಲಿಸುವ ಸಿಗ್ನಲ್ ಕಳಿಸುತ್ತದೆ, ಸೇವ್ ಮಾಡದ ಕೆಲಸ ಹೋಗುತ್ತದೆ. ಮೊಬೈಲ್‌ನಲ್ಲಿ ಬಳಸುವವರಿಗೆ ಇದು ಪದೇಪದೇ ಎದುರಾಗುತ್ತದೆ. ಸಂಪರ್ಕ ಹೋದರೂ ಪ್ರೋಗ್ರಾಮನ್ನು ನಡೆಸುತ್ತಲೇ ಇರುವ ಟೀಮಕ್ಸ್ ಒಳಗೆ ನಡೆಸಿದರೆ ಕೆಲಸ ಉಳಿಯುತ್ತದೆ, ಎಲ್ಲರಿಗೂ ಒಂದೇ ಪರದೆಯೂ ಕಾಣುತ್ತದೆ. ಆದರೆ ಕಂಟ್ರೋಲ್ ಬಿ, ಆಮೇಲೆ ಸಿ ಒತ್ತಿದರೆ ಹೊಸ ಕಿಟಕಿಯಲ್ಲಿ ಶೆಲ್ ಬಂದುಬಿಡುತ್ತದೆ! ಆದ್ದರಿಂದ ನಂಬಿಕಸ್ಥರಲ್ಲದವರಿಗೆ ಟೀಮಕ್ಸನ್ನು ಓದಲು ಮಾತ್ರ ಕೊಡುವುದು ಒಳ್ಳೆಯದು.

ಖಾತೆಯಿಲ್ಲದೆ ಸಿಗುವ ತಾತ್ಕಾಲಿಕ ಟನೆಲ್ ಪ್ರಯೋಗಕ್ಕಷ್ಟೇ. ಪ್ರತಿ ಸಲ ವಿಳಾಸ ಬದಲಾಗುತ್ತದೆ, ಏಕಕಾಲಕ್ಕೆ 200 ರಿಕ್ವೆಸ್ಟ್‌ಗಳ ಮಿತಿಯೂ ಇದೆ. ಊಹಿಸಲಾಗದ ವಿಳಾಸವನ್ನೇ ಬೀಗವೆಂದು ನಂಬಬೇಡಿ. ದಿನನಿತ್ಯದ ಬಳಕೆಗೆ ಸ್ವಂತ ಡೊಮೇನ್‌ನಲ್ಲಿ ಹೆಸರಿಟ್ಟ ಟನೆಲ್ ಮಾಡಿ, ಅದರ ಮುಂದೆ ಇಮೇಲ್ ಒಟಿಪಿ ಕೇಳುವ, ಕ್ಲೌಡ್‌ಫ್ಲೇರ್‌ನ ಆ್ಯಕ್ಸೆಸ್ ಎಂಬ ಪ್ರವೇಶ ತಪಾಸಣೆ ಸೇವೆಯ ನಿಯಮ ಇಡಿ.

ಪ್ರೋಗ್ರಾಮ್ ಕನ್ನಡದಲ್ಲಿ ಬರೆದು ತೋರಿಸುವುದಾದರೆ ಇನ್ನೊಂದು ತೊಡಕಿದೆ. ಬ್ರೌಸರ್‌ನಲ್ಲಿ ಪರದೆ ಬಿಡಿಸುವ ಎಕ್ಸ್‌ಟರ್ಮ್ ಜೆಎಸ್ ಅಕ್ಷರಗಳನ್ನು ಸಮ ಅಗಲದ ಚೌಕಗಳಲ್ಲಿ ಕೂರಿಸುತ್ತದೆ. ಒತ್ತಕ್ಷರ, ದೀರ್ಘಗಳು ಒಡೆಯುತ್ತವೆ, ಕರ್ಸರ್ ಜಾಗ ತಪ್ಪುತ್ತದೆ. ಫಾಂಟ್ ಬದಲಿಸಿದರೂ ಪೂರ್ತಿ ಸರಿಹೋಗದು. ಕನ್ನಡದ ಫಲಿತಾಂಶವನ್ನು ಬೇರೆ ಎಚ್‌ಟಿಎಂಎಲ್ ಕಡತಕ್ಕೆ ಬರೆಸಿ, ಅದರ ಲಿಂಕ್ ಮಾತ್ರ ಟರ್ಮಿನಲ್‌ನಲ್ಲಿ ತೋರಿಸುತ್ತೇನೆ.