ಅಡ್ಡಹೆಸರಿನಿಂದ ಶುರುವಾಗುವ ಪಾಠ

ಅಂಗವಿಕಲ ಮಕ್ಕಳನ್ನು ಅಣಕಿಸಿ ಕಾಟ ಕೊಡಬಾರದು ಅಂತ ಕಲಿಸಲು ಐದು, ಆರನೇ ತರಗತಿಗೆ ನಾನು 40 ನಿಮಿಷದ ನಾಲ್ಕು ಪೀರಿಯಡ್ ಇಟ್ಟುಕೊಳ್ಳುತ್ತೇನೆ, ವಾರಕ್ಕೊಂದು. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದಂದು ಭಾಷಣ ಮಾಡಿ ಕೈತೊಳೆದುಕೊಂಡರೆ ಮಕ್ಕಳ ತಲೆಯಲ್ಲಿ 'ಪಾಪ' ಅನ್ನೋದಷ್ಟೇ ಉಳಿಯುತ್ತದೆ.

ಮೊದಲು ಚೀಟಿ. ಶಾಲೆಯಲ್ಲಿ ಕಿವಿಗೆ ಬಿದ್ದ ಅಡ್ಡಹೆಸರು ಬರೆಯಬೇಕು. ಯಾರು ಯಾರನ್ನು ಕರೆದರು ಅನ್ನೋದು ಬೇಡ. ಸೋಡಾಬುಡ್ಡಿ, ಕುಂಟ, ಉಗ್ಗ, ಟ್ಯೂಬ್‌ಲೈಟ್, ಜೊತೆಗೆ ನಮ್ಮ ಬೆಂಗಳೂರಿನದೇ ಆದ 'ನಿಮ್ಹಾನ್ಸ್ ಕೇಸು'. ಬೋರ್ಡಿನ ಮೇಲೆ ಬರೆಯಬೇಡಿ, ಗೊತ್ತಿಲ್ಲದವರಿಗೂ ಕಲಿಸಿಕೊಟ್ಟ ಹಾಗಾಗುತ್ತದೆ. ದೇಹದ ಮೇಲೆ ಎಷ್ಟು, ಮಾತಿನ ಮೇಲೆ ಎಷ್ಟು, ಓದಿನ ಮೇಲೆ ಎಷ್ಟು ಅಂತ ಲೆಕ್ಕ ಮಾತ್ರ ಹೇಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕೆಯ ತೊಡಕೂ ಸೇರಿದೆ ಎಂದು ತಿಳಿಸಲು ಇದೇ ಸಮಯ.

ಎರಡನೇ ವಾರ ಅಳತೆ ಟೇಪು. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ ಕೈಬಿಟ್ಟಿದ್ದೇನೆ: ಐದು ನಿಮಿಷದ ಕತ್ತಲಲ್ಲಿ ಮಕ್ಕಳಿಗೆ ಸಿಗುವುದು ಗಾಬರಿ, ಇಲ್ಲವೇ ನಗು. ವರ್ಷಗಟ್ಟಲೆ ಬಿಳಿ ಕೋಲು ಹಿಡಿದು ನಡೆದವರ ಚಾಕಚಕ್ಯತೆ ಅದರಲ್ಲಿ ಕಾಣುವುದಿಲ್ಲ. ಬದಲಿಗೆ ರ‍್ಯಾಂಪ್ ಅಳೆಯುತ್ತಾರೆ. ಇಳಿಜಾರು 1:12, ಅಂದರೆ 15 ಸೆಂ.ಮೀ. ಮೆಟ್ಟಿಲಿಗೆ 180 ಸೆಂ.ಮೀ. ಉದ್ದ ಬೇಕು. 60 ಸೆಂ.ಮೀ. ಹಲಗೆ ಇಟ್ಟು ರ‍್ಯಾಂಪ್ ಅಂದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚೀತು. ಮನೆಕೆಲಸ: ಮೆಟ್ರೊ ನಿಲ್ದಾಣದ ಹಳದಿ ಟೈಲ್ಸ್ ನೋಡಿ ಬರುವುದು. ಉದ್ದ ಗೆರೆ ದಾರಿ ತೋರಿಸಿದರೆ, ಗುಂಡು ಚುಕ್ಕೆ ಎಚ್ಚರಿಸುತ್ತದೆ.

ಮೂರನೆಯದು ಚಿಕ್ಕದು. ಕೇಳದೆ ಗಾಲಿಕುರ್ಚಿ ತಳ್ಳಬಾರದು. ಕಣ್ಣು ಕಾಣದವರ ಕೈ ಎಳೆಯದೆ ನಮ್ಮ ಮೊಣಕೈ ಕೊಡಬೇಕು. ಉಗ್ಗುವವರ ವಾಕ್ಯ ನಾವು ಮುಗಿಸಬಾರದು.

ಕೊನೆಯ ವಾರ ಅಭಿನಯ. ಕಾಟ ಕೊಡುವ ಪಾತ್ರ ಯಾವ ಮಗುವಿಗೂ ಬೇಡ, ಕೊಟ್ಟರೆ ಆ ಹೆಸರು ಅಂಟಿಕೊಳ್ಳುತ್ತದೆ, ನಾನೇ ಮಾಡುತ್ತೇನೆ. ಅಂಗವಿಕಲ ಮಗುವನ್ನು ಮಾದರಿಯಾಗಿ ಮುಂದೆ ನಿಲ್ಲಿಸುವುದಂತೂ ಕೂಡದು. ಅಭ್ಯಾಸ ಬೇಕಿರುವುದು ಸುತ್ತ ನಿಂತು ನೋಡುವವರಿಗೆ: ನಗದಿರುವುದು, 'ಬಾರೋ, ಆಟಕ್ಕೆ ಹೋಗೋಣ' ಅಂತ ಕಾಟಕ್ಕೆ ಸಿಕ್ಕ ಮಗುವನ್ನು ಕರೆದೊಯ್ಯುವುದು, ಮಿಸ್‌ಗೆ ಹೇಳುವುದು. ಕಾಟ ಕೊಟ್ಟ ಮಗು, ಕಾಟಕ್ಕೆ ಸಿಕ್ಕ ಮಗು ಇಬ್ಬರನ್ನೂ ಎದುರುಬದುರು ಕೂರಿಸಿ ಕೈಕುಲುಕಿಸುವ ರಾಜಿ ನನಗೆ ಒಪ್ಪಿಗೆಯಿಲ್ಲ. ಬಲ ಸಮನಾಗಿಲ್ಲದಾಗ ಹೆದರಿದ ಮಗು 'ಸರಿ ಮಿಸ್' ಅಂದುಬಿಡುತ್ತದೆ, ಕಾಟ ಶಾಲಾ ವ್ಯಾನಿಗೆ ವರ್ಗವಾಗುತ್ತದೆ.

ದೂರುಪೆಟ್ಟಿಗೆ ಹೆಡ್‌ಮಾಸ್ಟರ್ ಕೋಣೆಯ ಮುಂದಿದ್ದರೆ ಯಾರೂ ಹತ್ತಿರ ಸುಳಿಯುವುದಿಲ್ಲ. ಶುಕ್ರವಾರ ತರಗತಿಯ ಎಲ್ಲರೂ ಚೀಟಿ ಹಾಕಲಿ, ಹೇಳಲು ಏನೂ ಇಲ್ಲದವರು ಖಾಲಿಯದನ್ನೇ ಹಾಕಲಿ. 'ಯಾರಿಗೂ ಹೇಳಲ್ಲ' ಅಂತ ಮಾತು ಮಾತ್ರ ಕೊಡಬೇಡಿ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮಕ್ಕಳ ಸಹಾಯವಾಣಿ 1098 ಬರೆಸಿ.